ಹೊನ್ನವ್ವ ತಿರುವಿದ ಮುದ್ದೆ

ಬನ್ನಿ ಮಕ್ಕಳಾ, ಕಾಲು ಮಡಚಿ ಕೂತ್ಕೊಳ್ಳಿ. ಜಗಳ ಆಡೋರು ಆಮೇಲೆ ಆಡಿ, ಈಗ ನನ್ನ ಮಾತು ಕೇಳಿ.

ಬಹಳ ಹಿಂದೆ ಬೆಳ್ದಾರೆ ಅಂತ ಒಂದು ರಾಜ್ಯ. ಅಲ್ಲಿಯ ರಾಜ ಚೆನ್ನರಸನಿಗೆ ತಾಯಿಯಿಲ್ಲ. ಅರಮನೆಯ ಅಡುಗೆಯ ಹೊನ್ನವ್ವನೇ ಎತ್ತಿ ಆಡಿಸಿ ಸಾಕಿದವಳು. ಒಂದು ದಿನ ಗೊಗ್ಗಮಾರ ಎಂಬ ಮಾಯಾವಿ, ಕೆರೆಯ ನೀರಿನಲ್ಲಿ ಬಿದ್ದಿದ್ದ ರಾಜನ ನೆರಳನ್ನು ಬೊಗಸೆಯಲ್ಲಿ ಎತ್ತಿ ಕುಡಿದುಬಿಟ್ಟ. ಕುಡಿದದ್ದೇ ತಡ, ಅದೇ ಮುಖ, ಅದೇ ಮೀಸೆ, ಅದೇ ನೆನಪು! ಸಭೆಗೆ ಇಬ್ಬರು ರಾಜರು ಬಂದು ನಿಂತರು.

"ಸುಳ್ಳು ರಾಜ ಯಾರೋ, ಹೊತ್ತು ಮುಳುಗೋದರೊಳಗೆ ಅವನನ್ನ ಉರಿಯೋ ಸುಣ್ಣದ ಗೂಡಿಗೆ ತಳ್ಳಿ" ಎಂದು ಮಂತ್ರಿ ಅಪ್ಪಣೆ ಮಾಡಿದ. ಹೊನ್ನವ್ವ ಒಲೆ ಬಿಟ್ಟು ಸಭೆಗೆ ಓಡಿಬಂದಳು. ತಪ್ಪಿ ತನ್ನ ಕೂಸನ್ನೇ ತಳ್ಳಿಬಿಟ್ಟರೆ?

ಮೊದಲು ಮಂತ್ರಿ, ರಾಜನಿಗೂ ತನಗೂ ಮಾತ್ರ ಗೊತ್ತಿದ್ದ ಗುಟ್ಟಿನ ಮಾತು ಕೇಳಿದ. ಇಬ್ಬರೂ ಸರಿಯಾಗಿ ಹೇಳಿದರು. ಆಮೇಲೆ ಪಟ್ಟದಾನೆ ಬಂತು. ಇಬ್ಬರಿಗೂ ಸೊಂಡಿಲೆತ್ತಿತು.

ಹೊನ್ನವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಮೂರನೇದು ನನಗೆ ಬಿಡಿ ಬುದ್ಧೀ. ಹಸಿದ ಹೊಟ್ಟೇಲಿ ಎಂಥ ನ್ಯಾಯ?"

"ಆನೆಗೇ ತಿಳೀಲಿಲ್ಲ, ನಿನ್ನ ಸೌಟಿಗೆ ತಿಳೀತದೇನಮ್ಮ?" ಮಂತ್ರಿ ನಕ್ಕ.

"ಆನೆ ಯಾವತ್ತು ಇವನಿಗೆ ಉಣ್ಣಕ್ಕಿಕ್ಕಿತ್ತು?"

ಎಸರು ಕುದಿಯಿತು, ರಾಗಿಹಿಟ್ಟು ಬಿತ್ತು, ಕೋಲು ಗರಗರ ತಿರುಗಿತು. ಬಿಸಿಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಇಬ್ಬರ ಮುಂದೂ ಇಟ್ಟಳು.

ಒಬ್ಬ ಮುರಿದ, ಅದ್ದಿದ, ಗುಳುಕ್ಕನೆ ನುಂಗಿದ. ಇನ್ನೊಬ್ಬನೂ ಮುರಿದ, ಅದ್ದಿದ, ಆಮೇಲೆ ಬಲು ಗಂಭೀರವಾಗಿ ಅಗಿಯತೊಡಗಿದ! ಅಗಿದಷ್ಟೂ ಹಲ್ಲಿಗೆ ಮೆತ್ತಿತು.

"ಅಯ್ಯೋ ನಿನ್ನ ಮುಖಕ್ಕಿಷ್ಟು!" ಹೊನ್ನವ್ವ ಕೂಗಿದಳು. "ಮುದ್ದೆ ಅಗಿಯೋನು ನಮ್ಮ ಸೀಮೇಲಿ ಹುಟ್ಟಿದೋನಾ? ನೆನಪು ಕದೀಬಹುದು ಕಣೋ, ಗಂಟಲಿನ ರೂಢಿ ಕದಿಯೋಕಾಗ್ತದಾ?"

ಗೊಗ್ಗಮಾರ ಮಂತ್ರ ಹೇಳಲು ಹೋದ. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. "ಮ್ಮ್... ಹ್ಮ್..." ಅರ್ಧ ಹೇಳಿದ ಮಂತ್ರ ಹೇಳಿದವನನ್ನೇ ಹಿಡಿಯಿತು. ಕುಡಿದ ನೆರಳು ಮೂಗಿನಿಂದ ಹೊಗೆಯಾಗಿ ಸುರಿದು ಚೆನ್ನರಸನ ಕಾಲಡಿ ಸೇರಿತು. ಗೊಗ್ಗಮಾರ ಕೂತಿದ್ದ ಜಾಗದಲ್ಲಿ ಒಂದು ಬಡಕಲು ಕೊಕ್ಕರೆ ನಿಂತಿತ್ತು.

ಆ ಕೊಕ್ಕರೆ ಏಡಿ ಹಿಡಿದುಕೊಂಡು ಕೆರೆ ದಡದಲ್ಲೇ ಕಾಲ ಕಳೆಯಿತು. ಪಟ್ಟದಾನೆಗೆ ದಿನಕ್ಕೆ ಹತ್ತು ಮುದ್ದೆ ನಿಗದಿಯಾಯಿತು. ಮಂತ್ರಿ ಹಿಟ್ಟು ತಿರುವುವುದು ಕಲಿಯಲು ಬಂದ, ಸಾಯೋವರೆಗೂ ಗಂಟು ಕಟ್ಟಿಸಿ ಬೈಸಿಕೊಂಡ. ಚೆನ್ನರಸ ಮದುವೆಯಾಗಿ ಎಂಟು ಮಕ್ಕಳ ತಂದೆಯಾದ. ಹೊನ್ನವ್ವ ಆ ಎಂಟಕ್ಕೂ ಮುದ್ದೆ ನುಂಗೋದು ಕಲಿಸಿದಳು. ಅವಳಿಗೆ ಕೈ ನಡುಗೋ ವಯಸ್ಸಾದಾಗ ರಾಜನೇ ನೆಲದ ಮೇಲೆ ಕೂತು, ಮುರಿದು, ಅದ್ದಿ, ಅವಳ ಬಾಯಿಗಿಟ್ಟ.