ಮೂರನೆಯ ಗ್ಲಾಸಿನ ಹೊಗೆ

ಮದ್ಯದಂಗಡಿಯ ಮಹಡಿಯಲ್ಲಿ ವಿಸ್ಕಿ ರುಚಿ ನೋಡಲು ಬಂದ ಹನ್ನೆರಡು ಜನ ಗ್ಲಾಸಿಗೆ ಮೂಗು ತೂರಿಸಿ ಕುಳಿತಿದ್ದರು. ಅವರಲ್ಲಿ ನರ್ಸ್ ಒಬ್ಬಳೇ ಹೊಸಬಳು. ಶನಿವಾರ ಮಧ್ಯಾಹ್ನ ಮನೇಲಿ ಕೂತು ಏನ್ ಕಡಿದು ಕಟ್ಟೆ ಹಾಕ್ತೀಯ ಎಂದು ಅತ್ತಿಗೆ ಎಳೆದು ತಂದಿದ್ದಳು.

ಮೂಸಿ, ರುಚಿ ನೋಡಿ ಹೇಳುವುದೇ ಕೆಲಸವಾಗಿದ್ದ ಅಂಗಡಿಯ ನೌಕರನಿಗೆ ಮೂಗೇಶ ಎಂದು ಅಡ್ಡಹೆಸರು. ಹೆಸರು ಕಾಣದಂತೆ ಬಾಟಲಿಗಳಿಗೆ ಕಾಗದ ಸುತ್ತಿ ಬಡಿಸುವುದು ಅಲ್ಲಿಯ ಪದ್ಧತಿ.

"ಮೂರನೇ ಗ್ಲಾಸು. ಜೇನುತುಪ್ಪ, ಸೇಬು. ಬಹಳ ಮೆದು, ಅಲ್ವಾ?" ಎಂದ.

ಎಲ್ಲರೂ ತಲೆಯಾಡಿಸಿದರು. ಅತ್ತಿಗೆಯಂತೂ ಕಣ್ಣು ಮುಚ್ಚಿ "ಆಹಾ, ಸೇಬು!" ಎಂದಳು.

ನರ್ಸ್ ಮೂಸಿದಳು. ಅಯ್ಯೋ! ಒದ್ದೆ ಮಣ್ಣು ಸುಟ್ಟ ಹೊಗೆ, ಅದರ ಹಿಂದೆಯೇ ತನ್ನ ಡ್ರೆಸ್ಸಿಂಗ್ ರೂಮಿನ ಟಿಂಚರ್. ನಾಲಿಗೆಯ ಮೇಲೆ ಉಪ್ಪು, ಗಂಟಲಲ್ಲಿ ಬೆಂಕಿ, ಆಮೇಲೆ ಎಲ್ಲಿಂದಲೋ ಒಂದು ಸಿಹಿ. ಇಂಥದ್ದನ್ನೂ ಕುಡೀತಾರಾ ಎನ್ನಿಸಿತು. ಮರುಕ್ಷಣವೇ ಇನ್ನೊಂದು ಗುಟುಕು ಬೇಕೆನ್ನಿಸಿತು.

"ಸೇಬು ಎಲ್ರೀ ಇದೆ? ಸುಟ್ಟ ಹಗ್ಗಕ್ಕೆ ಟಿಂಚರ್ ಹಚ್ಚಿದ ಹಾಗಿದೆ," ಎಂದೇಬಿಟ್ಟಳು.

ಎಲ್ಲರೂ ಗೊಳ್ಳೆಂದು ನಕ್ಕರು. ಮೂಗೇಶನೊಬ್ಬ ನಗಲಿಲ್ಲ. ಕಾಗದ ಬಿಚ್ಚಿ ನೋಡಿದವನ ಮುಖ ಬಿಳಿಚಿಕೊಂಡಿತು. ಜವುಗುಮಣ್ಣಿನ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ ಆ ಖಡಕ್ ಸ್ಕಾಚ್ ಕೊನೆಗೆ ಬರಬೇಕಿತ್ತು; ಬಾಟಲಿ ಅದಲುಬದಲಾಗಿತ್ತು.

ಎಲ್ಲರೂ ಹೋದ ಮೇಲೂ ನರ್ಸ್ ಉಳಿದಳು. ಅವಳಿಗೆ ಕುತೂಹಲ ತಡೆಯಲಾಗಲಿಲ್ಲ.

"ನಿಮಗೆ ವಾಸನೆ ಬರ್ತಿಲ್ಲ, ಅಲ್ವಾ?"

ಅವನು ಗ್ಲಾಸು ಒರೆಸುತ್ತಲೇ ಇದ್ದ. "ಜ್ವರ ಬಂದು ಎರಡು ತಿಂಗಳಾಯ್ತು. ಅವತ್ತಿಂದ ಬರೀ ಬಾಯಿಪಾಠ ಒಪ್ಪಿಸ್ತಿದ್ದೀನಿ. ಯಜಮಾನ್ರಿಗೆ ಗೊತ್ತಾದ್ರೆ ಕೆಲಸ ಹೋಯ್ತು ಅಂತ್ಲೇ ಲೆಕ್ಕ. ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ?"

"ಹಾಗಿದ್ರೆ ನನಗೆ ಹೇಳಿ. ಹೇಗಿತ್ತು ಅದು?"

ಹೇಳಿದಳು. ಹಸಿದವನು ಊಟದ ಸುದ್ದಿ ಕೇಳುವ ಹಾಗೆ ಅವನು ಕಣ್ಣು ಮುಚ್ಚಿ ಕೇಳಿದ. ಆ ರೆಪ್ಪೆಗಳು ಅದುರುವುದನ್ನು ನೋಡಲೆಂದೇ ಅವಳು ಮಾತು ನಿಧಾನಿಸಿದಳು.

"ದಿನಾ ಮೂಸಿ ಅಭ್ಯಾಸ ಮಾಡಿದ್ರೆ ಕೆಲವರಿಗೆ ವಾಪಸ್ ಬರುತ್ತೆ. ನಾನೇ ಮಾಡಿಸ್ತೀನಿ, ಬಿಡಿ."

ಮರುದಿನದಿಂದ ಡ್ಯೂಟಿಗೆ ಮುಂಚೆ ಲವಂಗ, ನಿಂಬೆ ಹಿಡಿದು ಅಂಗಡಿಯ ಮಹಡಿಗೆ ಹಾಜರು. "ಅವನ ಮೂಗಿನ ಚಿಕಿತ್ಸೆಗೆ ನಿನ್ನ ಕಣ್ಣಿಗೆ ಕಾಡಿಗೆ ಯಾಕಮ್ಮಾ?" ಎಂದು ಅತ್ತಿಗೆ ಕಾಲೆಳೆದಳು.

ಆರು ವಾರ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಅವಳು ನಿಂಬೆ ಹಿಡಿದಾಗ ಅವನು ತಟ್ಟನೆ ಅವಳ ಮಣಿಕಟ್ಟು ಹಿಡಿದ.

"ಬಂತು! ಸೋಪು... ಸ್ಪಿರಿಟ್ಟು..."

"ನಿಂಬೆ?"

"ಇಲ್ಲ. ನಿಮ್ಮ ಕೈ ಮಾತ್ರ."

ಅವಳಿಗೆ ಖುಷಿಯಿಂದ ಕಣ್ಣು ತುಂಬಿತು. ಬೆನ್ನಿಗೇ ಯೋಚನೆ ಬಂತು: ಮೂಗು ಸರಿಹೋದರೆ ಇಲ್ಲಿಗೆ ಬರಲು ಇನ್ನೇನು ನೆಪ?

"ಇನ್ನು ವಿಸ್ಕಿದೂ ಬರುತ್ತೆ. ನನ್ನ ಕೆಲಸ ಮುಗೀತು."

"ಬರ್ಲಿ, ಬಿಡ್ಲಿ. ಸುಳ್ಳು ಹೇಳಿ ಸಾಕಾಗಿದೆ ನನಗೆ. ಯಜಮಾನ್ರಿಗೆ ಈಗಲೇ ನಿಜ ಹೇಳ್ಬಿಡ್ತೀನಿ." ಅವನು ತಡವರಿಸಿದ. "ಕೆಲಸ ಹೋದವನನ್ನ ನೋಡೋಕೆ ನಾಳೆ ಬರ್ತೀರಾ?"

"ನಿಮ್ಮ ಕೆಲಸ ನೋಡೋಕೆ ನಾನ್ಯಾವತ್ತು ಬಂದಿದ್ದೆ?"

ಯಜಮಾನರ ಕೋಣೆ ಕೆಳಗಿತ್ತು. ಮೆಟ್ಟಿಲಿಳಿಯುವಾಗಲೂ ಅವನು ಅವಳ ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.