ಹಸುಗಳಿಗೆ ಫ್ಯಾನು

ಹಸುಗಳಿಗೆ ಫ್ಯಾನು ಬಂದ ದಿನವೇ ಪೈಪು ಮೇಸ್ತ್ರಿ ಕಳ್ಳನಾಗಲು ತೀರ್ಮಾನಿಸಿದ.

ಮುನ್ನೂರು ಹಸುಗಳ ಡೇರಿ ಅದು. ಸಗಣಿ ಬಾಚಿ, ನೀರು ಬೆರೆಸಿ, ತೊಟ್ಟಿಗೆ ತಳ್ಳುವವರು ಹನ್ನೆರಡು ಮನೆಯವರು. ತೊಟ್ಟಿಯೊಳಗೆ ಸಗಣಿ ಕೊಳೆತು ಗ್ಯಾಸಾಗಿ, ಗ್ಯಾಸು ಇಂಜಿನ್ ತಿರುಗಿಸಿ, ಇಂಜಿನ್ನು ಕರೆಂಟು ಹುಟ್ಟಿಸಿ, ಆ ಕರೆಂಟು ಧಣಿಯ ಬಂಗಲೆ, ಹಾಲಿನ ಕೋಣೆಗಳನ್ನೆಲ್ಲ ಸುತ್ತಿ ಈಗ ಹಸುಗಳ ನೆತ್ತಿಯ ಮೇಲೂ ಗಾಳಿ ಬೀಸತೊಡಗಿತ್ತು. ತೊಟ್ಟಿಯ ಹಿಂದಿನ ಕೂಲಿಸಾಲಿಗೆ ಮಾತ್ರ ತಂತಿ ಎಳೆದಿರಲಿಲ್ಲ. ತಗಡಿನ ಸೂರಿನಡಿ ಹಾಸಿಗೆ ಹಿಡಿದ ತಾಯಿ ಬೆವರಿನಲ್ಲಿ ನೆನೆಯುವುದನ್ನು ನೋಡಲಾರದೆ ಮೇಸ್ತ್ರಿ ಕೇಳಲು ಹೋದಾಗ ಧಣಿ ನಗುತ್ತಲೇ ಹೇಳಿದ್ದರು: "ಸೆಕೆಯಾದ್ರೆ ಹಸು ಹಾಲು ಕಡಿಮೆ ಕೊಡುತ್ತೆ ಕಣಯ್ಯ. ನಿಮ್ಮಮ್ಮ ಏನು ಕೊಡ್ತಾಳೆ?"

ತಕ್ಕ ಉತ್ತರ ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಉತ್ತರಕ್ಕಿಂತ ಒಳ್ಳೆಯದೊಂದು ಅದರ ಬೆನ್ನಿಗೇ ಹೊಳೆಯಿತು.

ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಅದೇ ಸಂಜೆ ಮನೆಯೂ ಹೋಗುತ್ತದೆ. ಹಾಗಾಗಿ ಅವನು ಅವಸರ ಮಾಡಲಿಲ್ಲ. ತೊಟ್ಟಿಯಿಂದ ಹೊರಟ ಗ್ಯಾಸು ಮೊದಲು ಕಬ್ಬಿಣದ ಚೂರು ತುಂಬಿದ ಫಿಲ್ಟರಿಗೆ, ಅಲ್ಲಿಂದ ಮೀಟರಿಗೆ, ಆಮೇಲೆ ಇಂಜಿನ್ನಿಗೆ ಹೋಗುತ್ತಿತ್ತು. ಮೀಟರು ನೋಡದ ಗ್ಯಾಸನ್ನು ಕದ್ದರೆ ಕದ್ದಂತೆಯೇ ಅಲ್ಲ. ಆ ಪೈಪುಗಳನ್ನು ಹನ್ನೆರಡು ವರ್ಷಗಳ ಹಿಂದೆ ಹೂತವನು ಅವನೇ. ಒಂದು ಮಧ್ಯಾಹ್ನ, ಬಂಗಲೆ ಊಟ ಮುಗಿಸಿ ಗೊರಕೆ ಹೊಡೆಯುವಾಗ, ಫಿಲ್ಟರಿಗೆ ಮೊದಲೇ ಒಂದು ಕವಲು ಕೂಡಿಸಿ ಮಣ್ಣು ಮುಚ್ಚಿದ. ಮೇಲೆ ಸಗಣಿ ಸುರಿದ. ಸಗಣಿ ಕೆದಕಿ ನೋಡುವ ಧಣಿ ಇನ್ನೂ ಹುಟ್ಟಿರಲಿಲ್ಲ.

ಗುಜರಿಯಿಂದ ತಂದ ಹಳೇ ಇಂಜಿನ್ನನ್ನು ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಕೂರಿಸಿದ. ಡೇರಿಯ ದೊಡ್ಡ ಇಂಜಿನ್ ಗುಡುಗುವಾಗ ಮಾತ್ರ ಇದು ಕೆಮ್ಮುತ್ತಿತ್ತು. ಸದ್ದು ಸದ್ದಿನೊಳಗೆ ಕರಗುತ್ತಿತ್ತು. ಯಾರಾದರೂ ಕರೆಂಟು ಎಲ್ಲಿಂದ ಎಂದು ಕೇಳಿದರೆ ತೋರಿಸಲು ಸೂರಿನ ಮೇಲೊಂದು ಸತ್ತ ಸೋಲಾರ್ ಹಲಗೆಯನ್ನು ಕಟ್ಟಿದ. ತಾಯಿಯ ತಲೆಯ ಮೇಲೆ ಫ್ಯಾನು ತಿರುಗಿತು. ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು.

ತಾನೊಬ್ಬನೇ ಗಾಳಿ ತಿನ್ನುವುದು ಮೇಸ್ತ್ರಿಗೆ ಸರಿಬರಲಿಲ್ಲ. ವಾರದೊಳಗೆ ಹನ್ನೆರಡು ಮನೆಗೂ ತಂತಿ ಹೋಯಿತು, ಹನ್ನೆರಡು ಸೂರಿನ ಮೇಲೂ ಸತ್ತ ಹಲಗೆ ಏರಿತು.

"ಒಬ್ರು ಮಾಡಿದ್ರೆ ಕಳ್ಳತನ. ಸಾಲಿಡೀ ಸೇರಿ ಮಾಡಿದ್ರೆ ಏನಂತಾರೆ ರೀ?" ಎಂದಳು ಹೆಂಡತಿ.

"ಕಂಪನಿ ಅಂತಾರೆ ಕಣೇ."

ಗ್ಯಾಸು ಕಡಿಮೆಯಾದದ್ದಕ್ಕೂ ಅವನ ಬಳಿ ಕಾರಣ ಸಿದ್ಧವಿತ್ತು. ಮೇವು ಬದಲಾಗಿದೆ ಎಂದ. ಧಣಿ ಮೇವಿನವನನ್ನು ಬೈದರು. ತೊಟ್ಟಿ ತಣ್ಣಗಾಗಿದೆ ಎಂದ. ಧಣಿ ಅದಕ್ಕೆ ಗೋಣಿ ಹೊದಿಸಿದರು. ಕೊನೆಗೆ ಇಂಜಿನ್ ಕಂಪನಿಗೆ ಫೋನು ಮಾಡಿ ಇಂಜಿನಿಯರಮ್ಮನೊಬ್ಬಳನ್ನು ಕರೆಸಿದರು. ಮೇಸ್ತ್ರಿ ಎದೆಗೆಡಲಿಲ್ಲ. ಮುಚ್ಚಿಟ್ಟರೆ ತಾನೇ ಅನುಮಾನ? ತಾನೇ ಮುಂದೆ ನಿಂತು ತೊಟ್ಟಿ, ಫಿಲ್ಟರ್, ಮೀಟರ್ ಎಲ್ಲ ತೋರಿಸಿದ. ಎಲ್ಲೂ ತಪ್ಪು ಸಿಗಲಿಲ್ಲ. "ನಮ್ಮ ಮನೇಲಿ ನೀರು ಕುಡ್ಕೊಂಡು ಹೋಗಿ ಮೇಡಂ," ಎಂದು ಕರೆದ. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಧಣಿಯೂ ಸಾಲಿನೊಳಗೆ ಕಾಲಿಟ್ಟರು. ಸೋಲಾರ್ ಹಲಗೆಗಳನ್ನು ಕಂಡು, ಪರವಾಗಿಲ್ಲವೇ ಎಂದು ತಲೆದೂಗಿದರು.

ಇಂಜಿನಿಯರಮ್ಮ ಹೊಸ್ತಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದಳು. ಧಣಿ ಆಗಲೇ ಬೆರಳಲ್ಲಿ ಮೂಗು ಒತ್ತಿಕೊಂಡಿದ್ದರು. "ಹೊರಗಿದ್ದದ್ದು ಸಗಣಿ ವಾಸನೆ. ಇದು ಬೇರೆ, ಕೊಳೆತ ಮೊಟ್ಟೆ ಥರ," ಎಂದಳು ಅವಳು. "ಈ ನಾತನ ಫಿಲ್ಟರ್ ಹೀರ್ಕೊಳ್ಳುತ್ತೆ. ಇದು ಫಿಲ್ಟರ್ ದಾಟದ ಗ್ಯಾಸು. ಇಲ್ಲೆಲ್ಲೋ ಸೋರ್ತಿದೆ." ಮೇಸ್ತ್ರಿ ಎದೆತುಂಬ ಉಸಿರೆಳೆದ, ಪ್ರಾಮಾಣಿಕವಾಗಿಯೇ ಎಳೆದ. ಏನೂ ಬರಲಿಲ್ಲ. ಹೆಂಡತಿ ಮೂಸಿದಳು, ಪಕ್ಕದ ಮನೆಯವರು ಬಂದು ಮೂಸಿದರು, ಸಾಲಿಗೆ ಸಾಲೇ ನಿಂತು ಮೂಗರಳಿಸಿತು. ಯಾರಿಗೂ ಏನೂ ಇಲ್ಲ. "ಯಾವ ವಾಸನೆ ಮಗಳೇ?" ಎಂದು ಫ್ಯಾನಿನಡಿಯಿಂದ ತಾಯಿ ಅಕ್ಕರೆಯಿಂದ ಕೇಳಿದಳು. ಹನ್ನೆರಡು ವರ್ಷ ಆ ತೊಟ್ಟಿಯ ಬಾಯಲ್ಲಿ ದುಡಿದವರ ಮೂಗುಗಳನ್ನೆಲ್ಲ ತೊಟ್ಟಿ ಎಂದೋ ನುಂಗಿ ಹಾಕಿತ್ತು. ಇಂಜಿನಿಯರಮ್ಮ ಮಾತ್ರ ಮೂಗು ಎಳೆದತ್ತ ಮೆಲ್ಲಗೆ ಹೆಜ್ಜೆಯಿಡುತ್ತ ಸೌದೆ ಕೊಟ್ಟಿಗೆಯ ಬಾಗಿಲಿಗೆ ಕೈ ಹಾಕಿದಳು.