ಮೂರನೆಯ ಕಚ್ಚು

ಸುಟ್ಟ ಬ್ರೇಕಿನ ವಾಸನೆ ಇನ್‌ಸ್ಪೆಕ್ಟರ್ ಕೇದಾರಿಗೆ ಬಾಲ್ಯದಿಂದ ಗೊತ್ತು. ಗೋಕಾಕ ಫಾಲ್ಸ್ ಇಳಿಜಾರಿನಲ್ಲಿ ಬಸ್ಸಿನೊಳಗೆ ಅದು ಮೂಗಿಗೆ ಬಡಿದಾಗಲೆಲ್ಲ ಅವ್ವ ಹೇಳುತ್ತಿದ್ದಳು, “ಅಂಜಬ್ಯಾಡ, ಬ್ರೇಕ್ ಹಿಡದಾವು.”

ಫೆಬ್ರುವರಿ ಹನ್ನೊಂದು, ಬೆಳಿಗ್ಗೆ 10.20. ಮೂಡಲಗಿ ಠಾಣೆಗೆ ಗ್ಯಾರೇಜಿನ ಇಮಾಮಹುಸೇನ ದೂರು ಕೊಟ್ಟ. ಹಿಂದಿನ ದಿನ ಕಲ್ಲೋಳಿ ರಸ್ತೆಯಲ್ಲಿ ಮದುವೆಯ ಬಾಡಿಗೆ ಕಾರು ಬಲಕ್ಕೆ ತಿರುಗಿ ಬೇವಿನ ಮರಕ್ಕೆ ಬಡಿದು, ಅದನ್ನು ಓಡಿಸುತ್ತಿದ್ದ ಅವನ ಮಗ ಅಸ್ಫಾಕ ಸತ್ತಿದ್ದ.

“ನಾ ಜೋಡಿ ಮಾಡಿ ಕೂಡ್ಸಿದ್ದ ಬ್ರೇಕ್ ಡ್ರಮ್ ತಗದು, ಮಾಲಕ ಭೀಮಶಿ ಬ್ಯಾರೇದು ಹಾಕ್ಸ್ಯಾನ್ರಿ. ನನ್ನ ಮಗನ್ನ ಕೊಂದಾನ್ರಿ.”

ಎಫ್‌ಐಆರ್ ದಾಖಲಾಯಿತು. ಭೀಮಶಿಯನ್ನು ಕರೆಸಿದರು.

“ಕಾರೋ, ಜೀಪೋ ಅದು?”

“ಮುಂದ ಅಂಬಾಸಿಡರ್, ಹಿಂದ ಜೀಪಿನ ಎಕ್ಸಲ್ ರಿ. ಇಮಾಮಹುಸೇನ ಕಾಕಾನ ಕೂಡ್ಸಿದ್ದು. ಅದಾಗಿ ಹದಿನೈದು ದಿನ ಆತು, ನಾ ಗಾಲಿ ಮುಟ್ಟಿಲ್ರಿ.”

ಮಧ್ಯಾಹ್ನ 1.40ಕ್ಕೆ ಪಂಚರ ಮುಂದೆ ಹಿಂದಿನ ಗಾಲಿಗಳನ್ನು ಬಿಚ್ಚಿಸಿದರು. ಬಲಗಡೆಯ ಡ್ರಮ್ಮಿನಿಂದ ಸುಟ್ಟ ವಾಸನೆ ಬಂತು. ಎಡಗಡೆಯದರಿಂದ ಏನೂ ಬರಲಿಲ್ಲ; ಆ ಬದಿ ಬ್ರೇಕ್ ಹಿಡಿದೇ ಇರಲಿಲ್ಲ. ಆ ಡ್ರಮ್ಮಿನ ಒಳವ್ಯಾಸ ಬಲಗಡೆಯದಕ್ಕಿಂತ ಮೂರು ಮಿಲಿಮೀಟರ್ ಹೆಚ್ಚಿತ್ತು. ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಒಳಗಿನ ಬ್ರೇಕ್ ಶೂ ನಡುವೆ ಮಾತ್ರ ಸವೆದಿತ್ತು. ಶೂ ಮೇಲೆ ಉಳಿಯಿಂದ ಹಾಕಿದ ಎರಡು ಕಚ್ಚು. ಡ್ರಮ್ಮಿನ ಅಂಚಿಗೆ ಮೂರು.

ಸಂಜೆ 4.15ಕ್ಕೆ ಗ್ಯಾರೇಜಿನ ಪಂಚನಾಮೆ. ಕಾನ್‌ಸ್ಟೇಬಲ್ ದಾಕ್ಷಾಯಿಣಿ ಬೆಂಚಿನ ಕೆಳಗಿಂದ ಒಂದು ಡ್ರಮ್ ಎಳೆದು ತಂದಳು. ಎರಡು ಕಚ್ಚು.

ಕೇದಾರಿ ಮುದುಕ ಇಮಾಮಹುಸೇನನಿಗೆ ಮೊದಲು ಸ್ಟೂಲು ಕೊಡಿಸಿದ.

“ಕಚ್ಚು ಯಾರು ಹಾಕೂದು?”

“ನಾನ ರಿ. ಒಂದಕ್ಕೊಂದು ಕೂಡೂ ಡ್ರಮ್ಮಿಗಿ, ಶೂಕ್ಕ ಒಂದ ಲೆಕ್ಕದ ಕಚ್ಚು.”

“ಕಾರಿನ ಎಡಗಡೆ ಇದ್ದ ಡ್ರಮ್ ಇದು. ಎಷ್ಟು ಅದಾವು?”

ಇಮಾಮಹುಸೇನ ಅದನ್ನು ಮುಖದ ಹತ್ತಿರ ಹಿಡಿದ, ದೂರ ಹಿಡಿದ. ಕೊನೆಗೆ ಬೆರಳಾಡಿಸಿದ. ಬೆರಳು ಮೂರನೆಯ ಕಚ್ಚಿನಲ್ಲಿ ನಿಂತಿತು.

“ಇದು… ಘೋಡಗೇರಿ ಜೀಪಿಂದು. ಲೇಥಿಗಿ ಹಾಕ್ಸಿ, ಒಳಗ ಕೊರಸಿ ತಂದಿಟ್ಟಿದ್ದೆ.”

“ಕಣ್ಣು ಯಾವಾಗಿಂದ ಮಂಜಾಗ್ಯಾವು?”

“ವರ್ಷ ಆತ್ರಿ.”

“ಅವತ್ತೂ ಹಿಂಗ ಬೆರಳಾಡಿಸಿದ್ರ ಸಾಕಿತ್ತು.”

“ಅಸ್ಫಾಕ ಬಾಜೂಕ ನಿಂತಿದ್ದ, ಸಾಹೇಬ್ರ. ಬೆರಳಾಡಿಸಿದ್ರ ಅಂವಗ ತಿಳೀತಿತ್ತು. ನಾಳಿಂದ ಮನ್ಯಾಗ ಕುಂಡ್ರಪಾ ಅಂತಿದ್ದ.” ಮುದುಕ ಡ್ರಮ್ಮನ್ನು ತೊಡೆಯಿಂದ ಇಳಿಸಲಿಲ್ಲ. “‘ನಾ ಒಮ್ಮಿ ನೋಡ್ಲೇನು ಅಬ್ಬಾ?’ ಅಂದ. ಅಪ್ಪಗ ಕಲಸ್ತೀಯೇನಲೇ ಅಂದೆ. ನಕ್ಕು ಗಾಲಿ ಏರಿಸಿದ.”

5.50ಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ದೂರುದಾರನನ್ನೇ ಬಂಧಿಸಲಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಕಲಮು. ಜಾಮೀನಿಗೆ ಸಹಿ ಹಾಕಲು ಭೀಮಶಿಯೇ ಮುಂದೆ ಬಂದ. ಇಮಾಮಹುಸೇನ ಬೇಡವೆಂದ. ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳುವುದು?

ಏಳಕ್ಕೆ ಮೆಹಬೂಬಿ ತಾನೇ ಬಂದಳು. ಗಂಡನ ಎದುರು ಕೂತು ಡಬ್ಬಿ ಬಿಚ್ಚಿದಳು. ಒಂದು ವರ್ಷದಿಂದ ಮನೆಯಲ್ಲಿ ಮಗನಿಗೆ ಕಾಣದಂತೆ ದಿನಾ ಮಾಡುತ್ತಿದ್ದ ಹಾಗೆ, ಅವನ ಬಲಗೈ ಹಿಡಿದು ರೊಟ್ಟಿಯ ಮೇಲೆ ಇಟ್ಟಳು.